ಯಶವಂತಪುರದ ನಾಣ್ಯ, ವಿಂಡೊಲಾಂಡದ ಮೆಣಸು

ನಮ್ಮ ಮನೆ ಯಶವಂತಪುರದಲ್ಲಿ. ರೈಲ್ವೆ ಸ್ಟೇಷನ್‌ಗೆ ನಡೆದರೆ ಹತ್ತು ನಿಮಿಷ. 1891ರಲ್ಲಿ ಇದೇ ಸ್ಟೇಷನ್ ಹತ್ತಿರ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಈ ವಿಷಯ ನನಗೆ ಗೊತ್ತಾದಾಗ ನಲವತ್ತು ದಾಟಿತ್ತು. ಅಷ್ಟು ವರ್ಷ ಅದೇ ಮಾರ್ಕೆಟ್ ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಓಡಾಡಿದ್ದೇನೆ, ಅದೇ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾದಿದ್ದೇನೆ, ಆದರೆ ಆ ಮಣ್ಣಿನಲ್ಲಿ ಎರಡು ಸಾವಿರ ವರ್ಷ ಹಳೆಯ ರೋಮ್‌ನ ದುಡ್ಡು ಹೂತಿತ್ತು ಅಂತ ಶಾಲೆಯಲ್ಲೂ ಯಾರೂ ಹೇಳಿರಲಿಲ್ಲ. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೂ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಈ ಬೆಳ್ಳಿ ನಾಣ್ಯಕ್ಕೆ ದೆನಾರಿಯಸ್ ಅಂತ ಹೆಸರು. ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾನು ಮತ್ತು ಮಲ್ಲೇಶ್ವರದ ಒಬ್ಬ ಗೆಳತಿ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಶಾಸನ ನೋಡಲು ಹೋಗುತ್ತೇವೆ. ಎಂಟು ವರ್ಷದಿಂದ ಇದೇ ಹುಚ್ಚು. ಬೇಗೂರಿನ ಕಲ್ಲು ನೋಡಿದ್ದೇವೆ, ಸುಮಾರು ಕ್ರಿ.ಶ. 890ರದ್ದು, ಅದರಲ್ಲಿ 'ಬೆಂಗಳೂರು' ಅನ್ನೋ ಹೆಸರೇ ಇದೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ನೋಡಿದ್ದೇವೆ, ಅದು ಇನ್ನೂ ಹಳೆಯದು, ಸುಮಾರು 750ರದ್ದು. ಎಷ್ಟೋ ಊರುಗಳಲ್ಲಿ ವೀರಗಲ್ಲು ಚರಂಡಿಗೆ ಚಪ್ಪಡಿಯಾಗಿರುತ್ತದೆ, ಬಟ್ಟೆ ಒಗೆಯೋ ಕಲ್ಲಾಗಿರುತ್ತದೆ, ಕೆರೆ ಏರಿಯಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಕಾರಿನಲ್ಲಿ ಹೋದರೆ ಅವು ಕಾಣುವುದೇ ಇಲ್ಲ. ಸೈಕಲ್‌ನಲ್ಲಿ ಕಾಣುತ್ತವೆ, ನಿಲ್ಲಿಸಲು ಜಾಗವನ್ನೂ ಹುಡುಕಬೇಕಾಗಿಲ್ಲ.

ನನ್ನ ತಮ್ಮ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಕೆಲಸ ಮಾಡುತ್ತಾನೆ. 'ಇಲ್ಲೇ ರೋಮನ್ನರು ಗಡಿಗೆ ಕಟ್ಟಿದ ಹೇಡ್ರಿಯನ್ ಗೋಡೆ ಇದೆ, ಅದರ ಉದ್ದಕ್ಕೂ ಸೈಕಲ್ ದಾರಿ ಇದೆ, ಬಾ' ಅಂತ ಮೂರು ವರ್ಷದಿಂದ ಕರೆಯುತ್ತಿದ್ದ. ಕಳೆದ ವರ್ಷ ಜೂನ್‌ನಲ್ಲಿ ಹೋದೆವು. ನಮ್ಮೂರಿಗೆ ಬಂದ ನಾಣ್ಯಗಳನ್ನು ಹೊಡೆದ ಸಾಮ್ರಾಜ್ಯದ ಇನ್ನೊಂದು ತುದಿ ಹೇಗಿದೆ ಅಂತ ನೋಡಬೇಕಿತ್ತು, ಅಷ್ಟೇ.

ಮೊದಲು ದಾರಿಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲದ 72ನೇ ನಂಬರಿನ ದಾರಿ. ಪಶ್ಚಿಮ ಕರಾವಳಿಯ ರೇವನ್‌ಗ್ಲಾಸ್ ಅನ್ನೋ ಪುಟ್ಟ ಹಳ್ಳಿಯಿಂದ ಪೂರ್ವ ಕರಾವಳಿಯ ಸೌತ್ ಶೀಲ್ಡ್ಸ್‌ವರೆಗೆ, ಸುಮಾರು 280 ಕಿ.ಮೀ. ನೀಲಿ ಬೋರ್ಡಿನ ಮೇಲೆ ಕೆಂಪು ಚೌಕದಲ್ಲಿ 72 ಅಂತ ಬರೆದಿರುತ್ತದೆ, ಅದನ್ನು ಹಿಂಬಾಲಿಸಿದರೆ ಆಯಿತು. ಗಟ್ಟಿಗರು ಮೂರೇ ದಿನದಲ್ಲಿ ಮುಗಿಸುತ್ತಾರಂತೆ. ನಮಗೆ ಪ್ರತಿ ಕಲ್ಲಿನ ಹತ್ತಿರ ನಿಲ್ಲಬೇಕಿತ್ತು, ಹಾಗಾಗಿ ಆರು ದಿನ ಇಟ್ಟುಕೊಂಡೆವು. ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಅದಕ್ಕೇ ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದು ಒಳ್ಳೆಯದು, ಗಾಳಿ ಬೆನ್ನಿಗಿರುತ್ತದೆ. ವಾಹನಗಳು ನಮ್ಮ ಹಾಗೇ ಎಡಗಡೆ. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆವರೆಗೂ ಬೆಳಕು, ಹಾಗಾಗಿ ಕತ್ತಲಾಗುವ ಮುಂಚೆ ಊರು ಸೇರಬೇಕು ಅನ್ನೋ ಧಾವಂತ ಇಲ್ಲ.

ಸೈಕಲ್‌ಗಳನ್ನು ಇಲ್ಲಿಂದಲೇ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ತೆಗೆದುಕೊಂಡು ಹೋದೆವು. ವಿಮಾನದಲ್ಲಿ ಎಲ್ಲೋ ಎತ್ತಿ ಹಾಕಿ, ನನ್ನ ಸೈಕಲ್‌ನ ಹಿಂದಿನ ಗೇರ್ ಹ್ಯಾಂಗರ್, ಅಂದರೆ ಗೇರನ್ನು ಚೌಕಟ್ಟಿಗೆ ಹಿಡಿದಿಡುವ ಪುಟ್ಟ ಲೋಹದ ತುಂಡು, ಬಾಗಿಹೋಗಿತ್ತು. ನ್ಯೂಕಾಸಲ್‌ನ ಒಂದು ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಸರಿ ಮಾಡಿಕೊಟ್ಟರು. ನೀವು ಹೋಗುವುದಾದರೆ ಹ್ಯಾಂಗರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಸ್ಪೇರ್ ಕೂಡ ಇರಲಿ.

ನ್ಯೂಕಾಸಲ್‌ನಿಂದ ಕಾರ್ಲೈಲ್‌ಗೆ ಒಂದು ರೈಲು, ಅಲ್ಲಿಂದ ಕರಾವಳಿಯ ಚಿಕ್ಕ ರೈಲು. ಆ ಚಿಕ್ಕ ರೈಲಿನಲ್ಲಿ ಎರಡೇ ಸೈಕಲ್‌ಗೆ ಜಾಗ, ಮೊದಲೇ ವಿಚಾರಿಸಿಕೊಳ್ಳಬೇಕು. ಕಿಟಕಿಯಿಂದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳು.

ರೇವನ್‌ಗ್ಲಾಸ್‌ನಲ್ಲಿ ಇಳಿದು ಐದು ನಿಮಿಷ ತುಳಿದರೆ ಮರಗಳ ನಡುವೆ ಒಂದು ರೋಮನ್ ಸ್ನಾನದ ಮನೆ. ಗೋಡೆಗಳು ಇನ್ನೂ ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ನಿಂತಿವೆ. ಕಿಟಕಿಯ ಜಾಗ ಹಾಗೇ ಇದೆ, ಒಳಗೋಡೆಯಲ್ಲಿ ಗೂಡು ಇದೆ, ನಮ್ಮ ಹಳ್ಳಿ ಮನೆಗಳಲ್ಲಿ ದೀಪ ಇಡುವ ಗೂಡಿನ ಹಾಗೆ. ಟಿಕೆಟ್ ಇಲ್ಲ, ಕಾವಲಿಲ್ಲ. ಇದು ಗೋಡೆಯ ತುದಿಗಿಂತ ಎಷ್ಟೋ ದೂರ ದಕ್ಷಿಣಕ್ಕಿದೆ. ಹಾಗಾದರೆ ದಾರಿ ಇಲ್ಲಿಂದ ಯಾಕೆ ಶುರುವಾಗುತ್ತದೆ ಅಂದರೆ, ರೋಮನ್ನರು ಗೋಡೆ ಮುಗಿದ ಮೇಲೂ ಕರಾವಳಿಯ ಉದ್ದಕ್ಕೂ ಕೋಟೆ, ಕಾವಲು ಗೋಪುರ ಕಟ್ಟಿಕೊಂಡು ಬಂದಿದ್ದರು. ಸಮುದ್ರದ ಕಡೆಯಿಂದ ಯಾರೂ ಸುತ್ತಿ ಬರಬಾರದು ಅಂತ.

ಮೊದಲ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆಲ್ಲಾಫೀಲ್ಡ್ ಪರಮಾಣು ಸ್ಥಾವರದ ಬೇಲಿ ಪಕ್ಕದಲ್ಲೇ ದಾರಿ ಹೋಗುತ್ತದೆ, ಆಮೇಲೆ ಹಳೆಯ ಗಣಿ ರೈಲು ಹಳಿ ಕಿತ್ತು ಮಾಡಿದ ಸೈಕಲ್ ಹಾದಿ, ಸಂಜೆಗೆ ವೈಟ್‌ಹೇವನ್ ಬಂದರು. ಮಳೆ ಹನಿಯುತ್ತಲೇ ಇತ್ತು.

ಎರಡನೇ ದಿನ ಮೇರಿಪೋರ್ಟ್. ಇಲ್ಲಿ ಸಮುದ್ರಕ್ಕೆ ಮುಖ ಮಾಡಿ ಒಂದು ಮ್ಯೂಸಿಯಂ ಇದೆ, ಸೆನ್‌ಹೌಸ್ ರೋಮನ್ ಮ್ಯೂಸಿಯಂ. ಒಳಗೆ ಹೋದರೆ ಸಾಲಾಗಿ ನಿಂತ ಕಲ್ಲಿನ ಬಲಿಪೀಠಗಳು. 1870ರಲ್ಲಿ ಇಲ್ಲಿನ ಹೊಲದಲ್ಲಿ ಒಂದೇ ಕಡೆ ಹದಿನೇಳು ಸಿಕ್ಕಿದವು. ಹೆಚ್ಚಿನವು ಜುಪಿಟರ್ ದೇವರಿಗೆ. ಇಲ್ಲಿನ ಕೋಟೆಗೆ ಬಂದ ದಳಪತಿಗಳು ತಮ್ಮ ಹೆಸರು, ತಮ್ಮ ದಳದ ಹೆಸರು ಕೆತ್ತಿಸಿ ನಿಲ್ಲಿಸಿದ್ದಾರೆ. ಅದರಲ್ಲಿ ಒಂದು ದಳ ಸ್ಪೇನ್‌ನಿಂದ ಬಂದದ್ದು. ಗೆಳತಿ ಒಂದೊಂದರ ಮುಂದೆಯೂ ನಿಂತು ಅಕ್ಷರಗಳನ್ನು ಬೆರಳಲ್ಲಿ ಗಾಳಿಯಲ್ಲೇ ತಿದ್ದುತ್ತಿದ್ದಳು. ಲ್ಯಾಟಿನ್ ಬರದಿದ್ದರೂ ನಾಲ್ಕಾರು ಕಲ್ಲು ನೋಡುವಷ್ಟರಲ್ಲಿ ಒಂದು ಸಾಲು ಗುರುತು ಸಿಗಲು ಶುರುವಾಯಿತು: ಜುಪಿಟರ್‌ಗೆ ಅಂತ ಸೂಚಿಸುವ ಮೂರು ಅಕ್ಷರ, ಮೇಲಿನ ಸಾಲಿನಲ್ಲೇ. ನಮ್ಮ ಶಾಸನಗಳಲ್ಲಿ 'ಸ್ವಸ್ತಿ ಶ್ರೀ' ಹುಡುಕುವ ಹಾಗೆ. ಆ ಕೋಣೆಯಲ್ಲಿ ಎರಡು ಗಂಟೆ ಕಳೆದೆವು. ಹೊರಗೆ ಬಂದಾಗ ಗಾಳಿ ತಿರುಗಿತ್ತು. ಬೆನ್ನಿಗಿರಬೇಕಾದ ಗಾಳಿ ಆ ಮಧ್ಯಾಹ್ನ ಸಿಲೋತ್‌ವರೆಗೂ ಎದೆಗೇ ಬಡಿಯಿತು. ಚಪ್ಪಟೆ ರಸ್ತೆಯಲ್ಲಿ ನಂದಿ ಬೆಟ್ಟ ಹತ್ತಿದ ಹಾಗೆ ಆಯಿತು. ಆದರೆ ಸಂಜೆ ಮೋಡ ಸರಿದು ಆಚೆ ದಡದಲ್ಲಿ ಸ್ಕಾಟ್ಲೆಂಡಿನ ಬೆಟ್ಟ ನೀಲಿಯಾಗಿ ಕಂಡಾಗ ಇಬ್ಬರೂ ಸುಮ್ನೆ ಕೂತುಬಿಟ್ಟೆವು.

ಮೂರನೇ ದಿನ ನನಗೆ ತುಂಬಾ ಇಷ್ಟವಾದ ದಿನಗಳಲ್ಲಿ ಒಂದು. ಸಾಲ್‌ವೇ ಕೊಲ್ಲಿಯ ಉಪ್ಪು ಜೌಗಿನ ಪಕ್ಕದಲ್ಲಿ ರಸ್ತೆ. ಬೇಲಿ ಇಲ್ಲ, ದನಗಳು ರಸ್ತೆಯಲ್ಲೇ ಮಲಗಿರುತ್ತವೆ, ಅದು ಮಾತ್ರ ನಮ್ಮೂರೇ. ಸಮುದ್ರದ ಭರತ ಜೋರಾದಾಗ ರಸ್ತೆಯ ಮೇಲೇ ನೀರು ಬರುತ್ತದೆ. ಎಚ್ಚರಿಕೆಯ ಬೋರ್ಡುಗಳಿವೆ, ನೀರು ಎಷ್ಟಿದೆ ಅಂತ ಅಳೆಯಲು ಕಂಬಗಳಿವೆ. ಹೊರಡುವ ಮುಂಚೆ ಭರತದ ವೇಳಾಪಟ್ಟಿ ನೋಡಲೇಬೇಕು. ನಾವು ಇಳಿತದ ಹೊತ್ತು ನೋಡಿಕೊಂಡು ಹೋದೆವು, ಆದರೂ ರಸ್ತೆಯ ತಗ್ಗುಗಳಲ್ಲಿ ಪಾಚಿ ಇನ್ನೂ ಒದ್ದೆಯಾಗಿತ್ತು.

ದಾರಿಯಲ್ಲಿ ಆಂಥಾರ್ನ್‌ನ ಎತ್ತರದ ರೇಡಿಯೊ ಕಂಬಗಳು. ಬ್ರಿಟನ್ನಿನ ಗಡಿಯಾರಗಳಿಗೆ ಸರಿಯಾದ ಸಮಯದ ಸಂಕೇತ ಇಲ್ಲಿಂದಲೇ ಹೋಗುತ್ತದೆ. ಅದಾದ ಮೇಲೆ ಬೋನೆಸ್. ಗೋಡೆಯ ಪಶ್ಚಿಮ ತುದಿ ಇದೇ. ಆದರೆ ಇಲ್ಲಿ ಗೋಡೆ ಇಲ್ಲ! ಒಂದೇ ಒಂದು ಸಾಲು ಕಲ್ಲೂ ನೆಲದ ಮೇಲೆ ಕಾಣುವುದಿಲ್ಲ. ಎಲ್ಲಿ ಹೋಯಿತು ಅಂದರೆ, ಊರಿನ ಮನೆಗಳೊಳಗೆ ಹೋಯಿತು. ಕೊಟ್ಟಿಗೆಗಳಲ್ಲಿ, ಕಾಂಪೌಂಡ್‌ಗಳಲ್ಲಿ, ಚರ್ಚುಗಳಲ್ಲಿ ಅವೇ ಕಲ್ಲುಗಳು. ಮುಂದಿನ ಊರು ಬರ್ಗ್ ಬೈ ಸ್ಯಾಂಡ್ಸ್‌ನ ಚರ್ಚ್ ಪೂರ್ತಿ ರೋಮನ್ ಕಲ್ಲಿನದು. ಅದೇ ಊರಿನ ಜೌಗಿನಲ್ಲಿ 1307ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋಗುವಾಗ ಸತ್ತ. ಇಲ್ಲಿನ ಕೋಟೆಯಲ್ಲಿ ಮೂರನೇ ಶತಮಾನದಲ್ಲಿ ಕಾವಲಿದ್ದವರು ಉತ್ತರ ಆಫ್ರಿಕಾದ ಮೂರ್ ಸೈನಿಕರು. ಯೋಚನೆ ಮಾಡಿ, ಮರಳುಗಾಡಿನ ಅಂಚಿನ ಊರಿನವರು ಬಂದು ಈ ಒದ್ದೆ ಜೌಗಿನಲ್ಲಿ ರಾತ್ರಿ ಪಾಳಿ ಮಾಡಿದ್ದಾರೆ.

ಗೋಡೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಹೇಡ್ರಿಯನ್ ಚಕ್ರವರ್ತಿ ಕ್ರಿ.ಶ. 122ರಲ್ಲಿ ಬ್ರಿಟನ್‌ಗೆ ಬಂದ, ಆಗ ಕೆಲಸ ಶುರು. ಕಡಲಿಂದ ಕಡಲಿಗೆ 117 ಕಿ.ಮೀ., ರೋಮನ್ನರ ಲೆಕ್ಕದಲ್ಲಿ 80 ಮೈಲಿ. ಪ್ರತಿ ಮೈಲಿಗೆ ಒಂದು ಸಣ್ಣ ಕೋಟೆ, ಎರಡು ಮೈಲಿಕೋಟೆಗಳ ನಡುವೆ ಎರಡು ಗೋಪುರ. ಪಶ್ಚಿಮದ ಭಾಗವನ್ನು ಮೊದಲು ಹುಲ್ಲು ಹೆಂಟೆಯಲ್ಲಿ ಕಟ್ಟಿ, ಆಮೇಲೆ ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಕಟ್ಟಿದವರು ಮೂರು ಲೀಜನ್‌ಗಳ, ಅಂದರೆ ರೋಮ್‌ನ ದೊಡ್ಡ ಸೈನ್ಯದಳಗಳ, ಸೈನಿಕರು. ಆದರೆ ಕಾವಲು ಕಾದವರು ಬೇರೆ. ಅವರು ಸಾಮ್ರಾಜ್ಯದ ಮೂಲೆ ಮೂಲೆಯಿಂದ ಬಂದ ಸಹಾಯಕ ದಳದವರು. ಬರ್ಡೋಸ್ವಾಲ್ಡ್ ಕೋಟೆಯಲ್ಲಿ ಇವತ್ತಿನ ರೊಮೇನಿಯಾ ಕಡೆಯ ಡೇಸಿಯನ್ನರು, ಕಾರ್ವೊರಾನ್‌ನಲ್ಲಿ ಸಿರಿಯಾದ ಬಿಲ್ಲುಗಾರರು, ಗೋಡೆಗೂ ಮೊದಲೇ ವಿಂಡೊಲಾಂಡ ಕೋಟೆಯಲ್ಲಿ ಇವತ್ತಿನ ನೆದರ್ಲೆಂಡ್ಸ್ ಕಡೆಯ ಬಟೇವಿಯನ್ನರು. 'ರೋಮನ್ನರ ಗೋಡೆ' ಅಂತ ಓದಿ ಬಂದರೆ ಇಲ್ಲಿ ರೋಮ್ ಊರಿನವನು ಸಿಗುವುದೇ ಕಷ್ಟ. ನನಗೆ ಇದು ಗೋಡೆಗಿಂತ ದೊಡ್ಡ ಸಂಗತಿ.

ಆ ರಾತ್ರಿ ಕಾರ್ಲೈಲ್‌ನಲ್ಲಿ ಉಳಿದೆವು. ಇಲ್ಲಿನ ಕ್ರಿಕೆಟ್ ಕ್ಲಬ್ಬಿನ ಕಥೆ ಬೆಂಗಳೂರಿನವರಿಗೆ ಹೇಳಲೇಬೇಕು. 2015ರ ಪ್ರವಾಹದಲ್ಲಿ ಅವರ ಪೆವಿಲಿಯನ್ ಮುಳುಗಿತು. ಬೇರೆ ಜಾಗದಲ್ಲಿ ಕಟ್ಟೋಣ ಅಂತ 2017ರಲ್ಲಿ ಅಗೆದು ನೋಡಿದರೆ ಕೆಳಗೆ ದೊಡ್ಡ ರೋಮನ್ ಸ್ನಾನಗೃಹ. 2023ರಲ್ಲಿ ಅಲ್ಲಿ ಎರಡು ದೊಡ್ಡ ಕಲ್ಲಿನ ತಲೆಗಳೂ ಸಿಕ್ಕವು. ಅಗೆಯುವ ಕೆಲಸಕ್ಕೆ ಊರಿನ ಜನರೇ ಸ್ವಯಂಸೇವಕರಾಗಿ ಬರುತ್ತಾರೆ. ಶಾಲಾ ಮಕ್ಕಳಿಂದ ಹಿಡಿದು ನಿವೃತ್ತರವರೆಗೆ ಮಣ್ಣು ಕೆದಕುತ್ತಾ ಕೂರುತ್ತಾರೆ ಅಂದಾಗ ನನಗೆ ಯಶವಂತಪುರ ನೆನಪಾಯಿತು. ನಮ್ಮಲ್ಲಿ ಮೆಟ್ರೊಗೆ ಎಷ್ಟೊಂದು ನೆಲ ಅಗೆದಿದ್ದೇವೆ, ಅಲ್ವಾ? ಅಷ್ಟು ಮಣ್ಣು ಲಾರಿಯಲ್ಲಿ ಹೋಗುವಾಗ ಯಾರಾದರೂ ಜರಡಿ ಹಿಡಿದು ನಿಂತಿದ್ದರೆ ಚೆನ್ನಾಗಿತ್ತು ಅಂತ ಮನಸ್ಸಿಗೆ ಬಂತು. ಈಗಲೂ ಬರುತ್ತದೆ.

ನಾಲ್ಕನೇ ದಿನ ಕೊನೆಗೂ ಗೋಡೆ ಕಂಡಿತು. ಬ್ರಾಂಪ್ಟನ್ ದಾಟಿ ಲಾನರ್‌ಕಾಸ್ಟ್ ಮಠ, ಹನ್ನೆರಡನೇ ಶತಮಾನದ್ದು, ಅದೂ ಗೋಡೆಯ ಕಲ್ಲಿನಲ್ಲೇ ಕಟ್ಟಿದ್ದು. ಮಠದ ಪಕ್ಕದಿಂದ ಬ್ಯಾಂಕ್ಸ್ ಅನ್ನೋ ಹಳ್ಳಿಗೆ ಚಿಕ್ಕದಾದರೂ ಕಡಿದಾದ ಏರು. ಭಾರದ ಬ್ಯಾಗು ಹಾಕಿಕೊಂಡು ಅದನ್ನು ಹತ್ತಿ, ಏದುಸಿರು ಬಿಡುತ್ತಾ ತಲೆ ಎತ್ತಿದರೆ ರಸ್ತೆಯ ಪಕ್ಕದಲ್ಲೇ ಗೋಪುರದ ಬುಡ, ಅದಕ್ಕೆ ಅಂಟಿಕೊಂಡು ಗೋಡೆ. ಬೇಲಿ ಇಲ್ಲ, ಕೈಯಿಟ್ಟು ಮುಟ್ಟಬಹುದು. ಮುಟ್ಟಿದೆ. ಕಲ್ಲು ತಣ್ಣಗಿತ್ತು, ಕೆತ್ತಿದ ಉಳಿಯ ಗೀರುಗಳು ಇನ್ನೂ ಬೆರಳಿಗೆ ಸಿಗುತ್ತವೆ.

ಬರ್ಡೋಸ್ವಾಲ್ಡ್ ಹತ್ತಿರ ಗೋಡೆ ಎಲ್ಲೂ ಮುರಿಯದೆ ಉದ್ದಕ್ಕೆ ಸಾಗುತ್ತದೆ, ಹೀಗೆ ಒಂದೇ ಸಮನೆ ಉಳಿದ ಅತಿ ಉದ್ದದ ಭಾಗ ಇದೇ. ಕೆಳಗೆ ಅರ್ಥಿಂಗ್ ಹೊಳೆ. ಹೊಳೆಗೆ ರೋಮನ್ನರು ಕಟ್ಟಿದ ಸೇತುವೆಯ ಬುಡ ಈಗ ಹುಲ್ಲುಗಾವಲಿನಲ್ಲಿ ನಿಂತಿದೆ, ಯಾಕೆಂದರೆ ಹೊಳೆಯೇ ದಿಕ್ಕು ಬದಲಿಸಿ ಆಚೆ ಸರಿದಿದೆ. ಅಲ್ಲಿಗೆ ಸೈಕಲ್ ಹೋಗುವುದಿಲ್ಲ, ನಡೆದು ಹೋಗಬೇಕು. ಹೋಗಿ. ನೀರಿಲ್ಲದ ಸೇತುವೆಯ ಪಕ್ಕ ಕುರಿಗಳು ಮೇಯುತ್ತಿದ್ದವು. ನಾವು ಅಲ್ಲೇ ಕೂತು ಅವಲಕ್ಕಿಗೆ ಬಿಸಿನೀರು ಹಾಕಿ, ಚಟ್ನಿಪುಡಿ ಕಲಸಿ ತಿಂದೆವು.

ಊಟದ ಬಗ್ಗೆ ಕೇಳುವವರಿದ್ದಾರೆ, ಅದಕ್ಕೆ ಹೇಳುತ್ತೇನೆ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಹಳ್ಳಿಯ ಟೀ ಅಂಗಡಿಗಳಲ್ಲಿ ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಅದರ ಮೇಲೆ ಬೀನ್ಸ್, ಚೀಸ್ ಕೊಡುತ್ತಾರೆ, ಸೈಕಲ್ ತುಳಿದವರಿಗೆ ಹೊಟ್ಟೆ ತುಂಬುತ್ತದೆ. ಆದರೆ ಮೂರನೇ ದಿನಕ್ಕೆ ನಾಲಿಗೆ ಖಾರ ಕೇಳುತ್ತದೆ. ನಾನು ಶಿರಸಿಯ ಅತ್ತೆಯ ತೋಟದ ಕಾಳುಮೆಣಸನ್ನು ಒಂದು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದೆ. ಅದು ಎಲ್ಲದರ ಮೇಲೂ ಬಿತ್ತು. ಸೂಪಿನ ಮೇಲೆ, ಆಲೂಗಡ್ಡೆ ಮೇಲೆ, ಒಂದು ದಿನ ಬರೀ ಬೆಣ್ಣೆ ಬ್ರೆಡ್ಡಿನ ಮೇಲೆ.

ಐದನೇ ದಿನ ಬೆಳಿಗ್ಗೆ ಹಾಲ್ಟ್‌ವಿಸಲ್ ಊರಿನಿಂದ ಹೊರಟ ಹತ್ತೇ ನಿಮಿಷಕ್ಕೆ ಗೆಳತಿಯ ಟೈರ್ ಪಂಕ್ಚರ್. ರಸ್ತೆಬದಿಯ ಮುಳ್ಳುಬೇಲಿ ಕತ್ತರಿಸಿ ಹಾಕಿದ್ದರು, ಮುಳ್ಳು ನೆಟ್ಟಗೆ ಒಳಗೆ ಹೋಗಿತ್ತು. ತೆಗೆದು, ತೇಪೆ ಹಾಕಿ, ಮತ್ತೆ ಹೊರಟೆವು. ಇಲ್ಲಿಂದ ಏರು. ಮೇಲೆ ಹೋದ ಮೇಲೆ ಸಿಗುವುದು ಸ್ಟೇನ್‌ಗೇಟ್, ಗೋಡೆಗಿಂತ ಮೊದಲೇ ರೋಮನ್ನರು ಹಾಕಿದ ರಸ್ತೆ, ಕಾರ್ಲೈಲ್‌ನಿಂದ ಕಾರ್ಬ್ರಿಜ್‌ಗೆ. ಈಗ ಅದರ ಮೇಲೆ ಒಂಟಿ ಟಾರು ರಸ್ತೆ. ಎಡಕ್ಕೆ ದೂರದಲ್ಲಿ ಕಪ್ಪು ಬಂಡೆಗಳ ಅಂಚು, ಆ ಅಂಚಿನ ನೆತ್ತಿಯ ಮೇಲೆ ಗೋಡೆ ಹಾವಿನ ಹಾಗೆ ಏರಿ ಇಳಿದು ಹೋಗುತ್ತದೆ. ಸೈಕಲ್‌ಗಳನ್ನು ಬೀಗ ಹಾಕಿ ನಿಲ್ಲಿಸಿ, ಆ ಅಂಚಿಗೆ ನಡೆದು ಹೋದೆವು. ಸಿಕಮೋರ್ ಗ್ಯಾಪ್‌ನ ಮರ ನಿಮಗೆ ನೆನಪಿರಬಹುದು, ಎರಡು ಗುಡ್ಡಗಳ ನಡುವೆ ಒಂಟಿಯಾಗಿ ನಿಂತಿದ್ದ ಮರ. 2023ರ ಸೆಪ್ಟೆಂಬರ್‌ನಲ್ಲಿ ರಾತ್ರೋರಾತ್ರಿ ಕಡಿದು ಹಾಕಿದರು. ಈಗ ಬುಡದ ಸುತ್ತ ಬೇಲಿ ಇದೆ. 2024ರಲ್ಲೇ ಬುಡದಿಂದ ಚಿಗುರು ಒಡೆದಿದೆ. ಅಲ್ಲಿ ನಿಂತಿದ್ದ ಹತ್ತು ಹದಿನೈದು ಜನರಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಾನೂ ಮಾತಾಡಲಿಲ್ಲ. ನಮ್ಮ ಬೀದಿಯಲ್ಲಿ ರಸ್ತೆ ಅಗಲ ಮಾಡಲು ಉರುಳಿಸಿದ ಮಳೆಮರಗಳು ಕಣ್ಣ ಮುಂದೆ ಬಂದವು.

ಅಲ್ಲಿಂದ ವಾಪಸ್ ಇಳಿದು ವಿಂಡೊಲಾಂಡ. ಇಡೀ ಪ್ರವಾಸದಲ್ಲಿ ನಾನು ಕಾಯುತ್ತಿದ್ದ ಜಾಗ. ಕೋಟೆಯ ಪಕ್ಕದಲ್ಲಿ, ಸ್ಟೇನ್‌ಗೇಟ್ ಹಾದುಹೋಗುತ್ತಿದ್ದ ಕಡೆ, ರೋಮನ್ ಮೈಲಿಗಲ್ಲು ಒಂದು ನೆಟ್ಟ ಜಾಗದಲ್ಲೇ ಇನ್ನೂ ನಿಂತಿದೆ. ಅಕ್ಷರ ಸವೆದು ಹೋಗಿದೆ, ಆದರೆ ಕಲ್ಲು ಕದಲಿಲ್ಲ. ಸೈಕಲ್ ಸವಾರರಿಗೆ ಮೈಲಿಗಲ್ಲಿನ ಬೆಲೆ ಗೊತ್ತು. ಅದಕ್ಕೆ ಒರಗಿ ನೀರು ಕುಡಿದೆ.

1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿ ಇಲ್ಲಿ ಅಗೆಯುತ್ತಿದ್ದಾಗ ತೆಳ್ಳಗಿನ ಮರದ ಚೂರುಗಳು ಸಿಕ್ಕವು. ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ಒಳಗೆ ಶಾಯಿಯ ಬರಹ. ಪೋಸ್ಟ್ ಕಾರ್ಡಿನಷ್ಟು ದೊಡ್ಡದು, ಒಂದೆರಡು ಮಿಲಿಮೀಟರ್ ದಪ್ಪ. ನಮ್ಮ ಓಲೆಗರಿ ಇದ್ದ ಹಾಗೆ ಅವರಿಗೆ ಈ ಮರದ ಹಲಗೆ. ಇಲ್ಲಿನ ನೆಲದ ಒದ್ದೆ ಮಣ್ಣಿನೊಳಗೆ ಗಾಳಿಯೇ ಹೋಗುವುದಿಲ್ಲ, ಹಾಗಾಗಿ ಮರ ಕೊಳೆಯಲಿಲ್ಲ, ಚರ್ಮ ಕೊಳೆಯಲಿಲ್ಲ. ಇಲ್ಲಿ ಸಾವಿರಾರು ಚಪ್ಪಲಿ, ಬೂಟು ಸಿಕ್ಕಿವೆ. ಮ್ಯೂಸಿಯಂನ ಗಾಜಿನ ಗೋಡೆಯ ಹಿಂದೆ ಸಾಲಾಗಿ ಇಟ್ಟಿದ್ದಾರೆ, ಮಕ್ಕಳ ಪುಟಾಣಿ ಚಪ್ಪಲಿಗಳೂ ಇವೆ. ಅದನ್ನು ನೋಡಿದರೆ ಸೈನಿಕರ ಜೊತೆ ಸಂಸಾರಗಳೂ ಇಲ್ಲಿದ್ದವು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಹಲಗೆಗಳಲ್ಲಿ ಏನಿದೆ ಅಂದರೆ, ಯುದ್ಧದ ಸುದ್ದಿಗಿಂತ ಮನೆ ಮಾತೇ ಜಾಸ್ತಿ. ಒಂದರಲ್ಲಿ ಯಾರೋ ಯಾರಿಗೋ ಕಾಲುಚೀಲ, ಚಪ್ಪಲಿ, ಎರಡು ಜೊತೆ ಒಳಚಡ್ಡಿ ಕಳಿಸಿದ್ದಾರೆ. ಇನ್ನೊಂದರಲ್ಲಿ ಕ್ಲಾಡಿಯಾ ಸೆವೆರಾ ಅನ್ನುವವಳು ತನ್ನ ಹುಟ್ಟುಹಬ್ಬಕ್ಕೆ ಸುಲ್ಪಿಸಿಯಾ ಲೆಪಿಡಿನಾಳನ್ನು ಕರೆಯುತ್ತಾಳೆ. ಕ್ರಿ.ಶ. 100ರ ಆಸುಪಾಸು. ಇಬ್ಬರ ಗಂಡಂದಿರೂ ದಳಪತಿಗಳು, ಬೇರೆ ಬೇರೆ ಕೋಟೆಯಲ್ಲಿ ವಾಸ. ಪತ್ರವನ್ನು ಗುಮಾಸ್ತನೊಬ್ಬ ನೀಟಾಗಿ ಬರೆದಿದ್ದಾನೆ, ಆದರೆ ಕೊನೆಯಲ್ಲಿ ಅವಳೇ ಲೇಖನಿ ಹಿಡಿದು, ಸೊಟ್ಟ ಅಕ್ಷರದಲ್ಲಿ, ನೀನು ಬರಲೇಬೇಕು ಅಕ್ಕಾ ಅಂತ ನಾಲ್ಕು ಸಾಲು ಸೇರಿಸಿದ್ದಾಳೆ. ಹೆಣ್ಣೊಬ್ಬಳು ತನ್ನ ಕೈಯಿಂದ ಲ್ಯಾಟಿನ್‌ನಲ್ಲಿ ಬರೆದು ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಗೆಳತಿಯ ಕಣ್ಣು ತುಂಬಿತ್ತು. ನನ್ನದೂ ಕೂಡ.

ಇನ್ನು ಮೆಣಸು. ಇನ್ನೊಂದು ಹಲಗೆ ಸಾಮಾನಿನ ಲೆಕ್ಕದ ಪಟ್ಟಿ. ಯಾವ ಸೈನಿಕ ಏನು ತೆಗೆದುಕೊಂಡ, ಎಷ್ಟು ಕೊಡಬೇಕು ಅಂತ. ಅದರಲ್ಲಿ ಟಪ್ಪೊ ಎಂಬುವನ ಮಗ ಗಾಂಬಾಕ್ಸ್ ಅನ್ನುವವನ ಹೆಸರಿನ ಮುಂದೆ ಒಂದು ಸರಕು: ಕಾಳುಮೆಣಸು. ಬೆಲೆ ಎರಡು ದೆನಾರಿಯಸ್.

ಅದೇ ದೆನಾರಿಯಸ್. ಯಶವಂತಪುರದ ಮಣ್ಣಿನಿಂದ ಬಂದ 163ರ ಹಾಗಿನ ಬೆಳ್ಳಿ ನಾಣ್ಯ. ಗಾಂಬಾಕ್ಸ್ ದೊಡ್ಡ ಅಧಿಕಾರಿಯಲ್ಲ. ಹೆಸರು ನೋಡಿದರೆ ರೋಮ್ ಕಡೆಯವನೂ ಅಲ್ಲ. ಮಂಜು ಕವಿದ ಗುಡ್ಡದ ಮೇಲೆ ಕಾವಲಿದ್ದ ಒಬ್ಬ ಸಾಮಾನ್ಯ ಸಿಪಾಯಿ ತನ್ನ ಸಂಬಳದಲ್ಲಿ ಎರಡು ಬೆಳ್ಳಿ ನಾಣ್ಯ ಎತ್ತಿಟ್ಟು ಮೆಣಸು ಕೊಂಡಿದ್ದಾನೆ. ಆ ಮೆಣಸು ಆ ಕಾಲದಲ್ಲಿ ಬೆಳೆಯುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ. ಇವತ್ತಿನ ಕೇರಳದ ಮುಸಿರಿಸ್‌ನಂಥ ನಮ್ಮ ಕರಾವಳಿಯ ಬಂದರುಗಳಲ್ಲಿ ಹಡಗು ತುಂಬಿ, ಮುಂಗಾರು ಗಾಳಿಯ ಲೆಕ್ಕ ಹಿಡಿದು ಕೆಂಪು ಸಮುದ್ರಕ್ಕೆ ಹೋಗಿ, ಈಜಿಪ್ಟಿನ ಬೆರೆನಿಕೆಯಲ್ಲಿ ಇಳಿದು, ಒಂಟೆಯ ಮೇಲೆ ನೈಲ್ ನದಿಗೆ, ದೋಣಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ, ಮತ್ತೆ ಹಡಗಿನಲ್ಲಿ ಯೂರೋಪಿಗೆ, ಕೊನೆಗೆ ಇದೇ ಸ್ಟೇನ್‌ಗೇಟ್‌ನ ಮೇಲೆ ಗಾಡಿಯಲ್ಲಿ ಇಲ್ಲಿಗೆ. ಬೆರೆನಿಕೆಯ ಒಂದು ದೇವಾಲಯದಲ್ಲಿ ಭಾರತದ ದೊಡ್ಡ ಗುಡಾಣದೊಳಗೆ ಏಳೂವರೆ ಕಿಲೋ ಕಾಳುಮೆಣಸು ಸಿಕ್ಕಿದೆ, ಹಾಗಾಗಿ ಇದು ಊಹೆಯ ದಾರಿಯಲ್ಲ. ಮೆಣಸಿಗೆ ಬದಲು ಬೆಳ್ಳಿ, ಬಂಗಾರ ಈ ಕಡೆ ಹರಿಯಿತು. ರೋಮನ್ ಲೇಖಕ ಪ್ಲಿನಿ ಅದನ್ನೇ ದೂರಿ ಬರೆದ, ಪ್ರತಿ ವರ್ಷ ಭಾರತ ನಮ್ಮಿಂದ ಐದು ಕೋಟಿ ಸೆಸ್ಟರ್ಷಿಯಸ್ ಸೆಳೆದುಕೊಳ್ಳುತ್ತದೆ ಅಂತ. ನಾಲ್ಕು ಸೆಸ್ಟರ್ಷಿಯಸ್‌ಗೆ ಒಂದು ದೆನಾರಿಯಸ್.

ಈಜಿಪ್ಟಿನಲ್ಲಿ ಸಿಕ್ಕ ಒಂದು ಹಳೆಯ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ದೃಶ್ಯವಿದೆ, ಅದರಲ್ಲಿರುವ ಕೆಲವು ಮಾತು ಕನ್ನಡವೇ ಅಂತ ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದ್ದರು. ಪಂಡಿತರಲ್ಲಿ ಒಮ್ಮತ ಇಲ್ಲ, ಆದರೂ ಅವತ್ತು ಅಲ್ಲಿ ನಿಂತಾಗ ಅದು ನೆನಪಾಗದೆ ಇರಲಿಲ್ಲ.

ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು ಗೆಳತಿಯ ಕೈಯಲ್ಲಿ ನಾಲ್ಕು ಕಾಳು ಹಾಕಿದೆ, ನಾನು ನಾಲ್ಕು ತೆಗೆದುಕೊಂಡೆ. ಕೋಟೆಯ ಕಟ್ಟೆಯ ಮೇಲೆ ಕೂತು ಅಗಿದೆವು. ನಾಲಿಗೆ ಉರಿಯಿತು. ಅಷ್ಟರಲ್ಲಿ ಸಣ್ಣ ಮಳೆ ಶುರುವಾಯಿತು, ಅಗೆಯುತ್ತಿದ್ದ ಸ್ವಯಂಸೇವಕರು ಟೋಪಿ ಎಳೆದುಕೊಂಡು ಕೆಲಸ ಮುಂದುವರಿಸಿದರು.

ಹೆಕ್ಸಮ್‌ವರೆಗೆ ಹೆಚ್ಚಾಗಿ ಇಳಿಜಾರು. ಅಲ್ಲಿನ ಹಳೆಯ ಮಠದ ಚರ್ಚಿನ ನೆಲಮಾಳಿಗೆ ಏಳನೇ ಶತಮಾನದ್ದು, ಪೂರ್ತಿ ರೋಮನ್ ಕಲ್ಲು, ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಗೋಡೆಯಲ್ಲಿ ಕೆತ್ತನೆ ಕಾಣುತ್ತದೆ. ಮೇಲೆ ಫ್ಲಾವಿನಸ್ ಅನ್ನೋ ಧ್ವಜಧಾರಿಯ ಸಮಾಧಿ ಕಲ್ಲು, ಕುದುರೆ ಮೇಲೆ ಕೂತಿದ್ದಾನೆ, ಕುದುರೆಯ ಕಾಲಡಿಯಲ್ಲಿ ಕೂದಲು ಕೆದರಿದ ಸ್ಥಳೀಯನೊಬ್ಬ ಮುದುಡಿದ್ದಾನೆ. ನಮ್ಮ ವೀರಗಲ್ಲಿನಲ್ಲೂ ಕುದುರೆ ಇರುತ್ತದೆ, ಕಾಲಡಿ ವೈರಿ ಇರುತ್ತಾನೆ. ಆದರೆ ನಮ್ಮಲ್ಲಿ ಹೆಚ್ಚಾಗಿ ಊರಿನ ದನ ಉಳಿಸಲು ಹೋಗಿ ಸತ್ತವನ ಕಲ್ಲು ಅದು. ಇಲ್ಲಿ ಊರಿನವನೇ ಕಾಲಡಿಯಲ್ಲಿದ್ದಾನೆ. ಗೋಡೆಯ ಕೆಲಸವನ್ನು ಎಷ್ಟು ಮೆಚ್ಚಿಕೊಂಡರೂ ಆ ಮುದುಡಿದವನ ಮುಖ ಮರೆಯಬಾರದು ಅನ್ನಿಸಿತು.

ಕೊನೆಯ ದಿನ ತಮ್ಮ ರೈಲಿನಲ್ಲಿ ಹೆಕ್ಸಮ್‌ಗೆ ಬಂದು ನಮ್ಮ ಜೊತೆ ಸೇರಿಕೊಂಡ. ಟೈನ್ ನದಿಯ ಪಕ್ಕ ಪಕ್ಕದಲ್ಲೇ ದಾರಿ. ಕಾರ್ಬ್ರಿಜ್‌ನಲ್ಲಿ ರೋಮನ್ ಪೇಟೆ ಬೀದಿಯ ಮೇಲೇ ನಡೆಯಬಹುದು, ಪಕ್ಕದಲ್ಲೇ ಕಣಜಗಳ ಬುಡ. ವೈಲಮ್‌ನಲ್ಲಿ ರೈಲಿನ ಜಾರ್ಜ್ ಸ್ಟೀಫನ್‌ಸನ್ 1781ರಲ್ಲಿ ಹುಟ್ಟಿದ ಮನೆ ಸೈಕಲ್ ಹಾದಿಗೆ ಅಂಟಿಕೊಂಡೇ ಇದೆ. ನ್ಯೂಕಾಸಲ್ ದಾಟಿದರೆ ವಾಲ್ಸೆಂಡ್, ಹೆಸರೇ 'ಗೋಡೆಯ ಕೊನೆ'. ಅಲ್ಲಿನ ಮೆಟ್ರೊ ಸ್ಟೇಷನ್‌ನಲ್ಲಿ ಲ್ಯಾಟಿನ್ ಬೋರ್ಡುಗಳೂ ಇವೆ! ಸಂಜೆ ನಾಲ್ಕಕ್ಕೆ ಸೈಕಲ್ ಸಮೇತ ದೋಣಿ ಹತ್ತಿ ನದಿಯ ಆಚೆ ದಡ, ಸೌತ್ ಶೀಲ್ಡ್ಸ್.

ಅಲ್ಲಿ ಆರ್ಬಿಯಾ ಕೋಟೆ. ಅದರ ಮ್ಯೂಸಿಯಂನಲ್ಲಿ ಒಂದು ಸಮಾಧಿ ಕಲ್ಲಿದೆ. ಬೆತ್ತದ ಕುರ್ಚಿಯಲ್ಲಿ ಕೂತ ಹೆಂಗಸು, ಪಕ್ಕದಲ್ಲಿ ಉಣ್ಣೆಯ ಉಂಡೆಗಳ ಬುಟ್ಟಿ. ಹೆಸರು ರೆಜೀನಾ. ದಕ್ಷಿಣ ಬ್ರಿಟನ್ನಿನ ಒಂದು ಬುಡಕಟ್ಟಿನವಳು, ದಾಸಿಯಾಗಿದ್ದಳು. ಸಿರಿಯಾದ ಪಾಲ್ಮೈರಾದಿಂದ ಬಂದ ಬರಾಟೆಸ್ ಅವಳನ್ನು ಬಿಡುಗಡೆ ಮಾಡಿ ಮದುವೆಯಾದ. ಮೂವತ್ತಕ್ಕೆ ತೀರಿಕೊಂಡಳು. ಮೇಲೆ ಲ್ಯಾಟಿನ್ ಬರಹ. ಅದರ ಕೆಳಗೆ ಒಂದು ಸಾಲು ಅವನ ಊರಿನ ಲಿಪಿಯಲ್ಲಿ, ಬರಾಟೆಸ್ ಬಿಡುಗಡೆ ಮಾಡಿದ ರೆಜೀನಾ, ಅಯ್ಯೋ, ಅಂತ. ಲ್ಯಾಟಿನ್ ಅಕ್ಷರಗಳು ಸ್ವಲ್ಪ ಅಡ್ಡಾದಿಡ್ಡಿ, ಕೆಳಗಿನ ಸಾಲು ಮಾತ್ರ ಮುತ್ತು ಪೋಣಿಸಿದ ಹಾಗೆ. ಆ ದೂರದ ಊರಿನಲ್ಲಿ ಆ ಸಾಲನ್ನು ಓದಬಲ್ಲವರು ಎಷ್ಟು ಜನ ಇದ್ದರೋ. ಆದರೂ ಬರೆಸಿದ. ದುಃಖ ಬಂದಾಗ ಬಾಯಿಗೆ ಬರುವುದು ಅಮ್ಮನ ಮಾತೇ ಅಲ್ವಾ?

ಪಾಲ್ಮೈರಾದ ವರ್ತಕರು ಭಾರತದ ಸರಕಿನ ವ್ಯಾಪಾರದಲ್ಲೂ ಇದ್ದವರು. ಇದನ್ನು ತಮ್ಮನಿಗೆ ಹೇಳುತ್ತಿದ್ದೆ. ಅವನು ಆ ಕಲ್ಲಿನ ಮುಂದೆ ತುಂಬಾ ಹೊತ್ತು ನಿಂತಿದ್ದ. ಅವನು ಮನೆ ಬಿಟ್ಟು ಹನ್ನೊಂದು ವರ್ಷ ಆಗಿದೆ.

ರಾತ್ರಿ ಅವನ ಮನೆಯಲ್ಲಿ ಮೆಣಸಿನ ಸಾರು ಮಾಡಿದೆ, ಅನ್ನ, ಸುಟ್ಟ ಹಪ್ಪಳ. ಮೂವರೂ ನೆಲದ ಮೇಲೆ ಕೂತು ಉಂಡೆವು. ಡಬ್ಬಿಯಲ್ಲಿ ಅರ್ಧದಷ್ಟು ಮೆಣಸು ಇನ್ನೂ ಉಳಿದಿತ್ತು. ಅದನ್ನು ಅವನಿಗೇ ಬಿಟ್ಟು ಬಂದೆ.